ಮೆನು ಮಾಯವಾದಾಗ, ಕಾಣಬಾರದ ಕಡೆ ಕಂಡಾಗ: ವೆಬ್‌ಸೈಟ್ ಮೆನುವಿನ ದೋಷ ಹುಡುಕುವ ಬಗೆ

ಹೋದ ಸುಗ್ಗಿಯಲ್ಲಿ ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. “ಸರ, ಸೈಟ್ ಹಾಳಾಗೇತ್ರಿ. ಡಬ್ಬಿ, ಕಡ್ಡಿ ಎಲ್ಲಾ ಮಾಯ.” ಹುಬ್ಬಳ್ಳಿಯ ನನ್ನ ಮನೆಯಲ್ಲಿ ಚಹಾ ಇನ್ನೂ ಕುದಿಯುತ್ತಿತ್ತು. ಡಬ್ಬಿ, ಕಡ್ಡಿ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ. ಸೈಟ್ ತೆರೆದು ನೋಡಿದೆ. ಡಬ್ಬಿಯ ಪುಟ ಇತ್ತು, ಕಡ್ಡಿಯ ಪುಟ ಇತ್ತು, ಫೋಟೋ, ದರ ಎಲ್ಲ ಇದ್ದಲ್ಲೇ ಇದ್ದವು. ಅಲ್ಲಿಗೆ ಹೋಗುವ ದಾರಿ, ಅಂದರೆ ಪುಟಗಳ ಕೊಂಡಿಗಳಿರುವ ಮೆನು, ಮಾತ್ರ ಇರಲಿಲ್ಲ. ಹಿಂದಿನ ರಾತ್ರಿ ಅವರ ಮಗ ಚಂದ ಕಾಣಲಿ ಎಂದು ಥೀಮ್, ಅಂದರೆ ಸೈಟಿನ ಹೊರರೂಪದ ಸಿದ್ಧ ವಿನ್ಯಾಸ, ಬದಲಿಸಿದ್ದ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಅಂಗಡಿ, ಪ್ರೆಸ್ಸು, ಸಂಘಗಳಿಗೆ ಸಣ್ಣ ಸೈಟು ಮಾಡಿಕೊಡುವ ನನಗೆ ಬರುವ ಫೋನುಗಳಲ್ಲಿ ಮೆನುವಿನದೇ ದೊಡ್ಡ ಪಾಲು. ಅದರಲ್ಲಿ ನಿಜವಾಗಿ ಏನಾದರೂ ಕೆಟ್ಟಿರುವುದು ಕಡಿಮೆ. ಗೊಂದಲ ಹುಟ್ಟುವುದು ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ತಿಳಿಯುವುದರಿಂದ. ಮೆನು ಮಾಡುವುದು ಒಂದು ಕೆಲಸ. ಅದಕ್ಕೆ ಥೀಮಿನಲ್ಲಿ ಜಾಗ ಕೊಡುವುದು ಇನ್ನೊಂದು. ಯಾವ ಪುಟದಲ್ಲಿ, ಯಾವ ಅಳತೆಯ ಪರದೆಯಲ್ಲಿ ಅದು ಕಾಣಬೇಕು ಎಂದು ಗೊತ್ತುಮಾಡುವುದು ಮೂರನೆಯದು. ದೋಷ ಈ ಮೂರರಲ್ಲಿ ಎಲ್ಲಿದೆ ಎಂದು ಹಿಡಿದರೆ ಅರ್ಧ ರಿಪೇರಿ ಆದಂತೆ. ಕೆಳಗೆ ಹೇಳಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ನಡೆಯುವ ಸೈಟುಗಳಿಗೆ. ಲಾಗಿನ್ ಆದಾಗ ಕಾಣುವ ಡ್ಯಾಶ್‌ಬೋರ್ಡನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡವರೇ ಹೆಚ್ಚು, ಹಾಗಾಗಿ ಬಟನ್ ಹೆಸರುಗಳನ್ನು ಹಾಗೆಯೇ ಬರೆದಿದ್ದೇನೆ.

ಕೈ ಹಚ್ಚುವ ಮುಂಚೆ

ಮೊದಲು ಬ್ಯಾಕಪ್. ನಿಮ್ಮ ಸೈಟಿಗೆ ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿಯ ಪ್ಯಾನೆಲ್‌ನಲ್ಲಿ ಆ ಬಟನ್ ಇದ್ದರೆ ಒತ್ತಿ, ಇಲ್ಲದಿದ್ದರೆ ಬ್ಯಾಕಪ್ ಪ್ಲಗಿನ್‌ನಿಂದ (ಪ್ಲಗಿನ್ ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ತಂತ್ರಾಂಶ) ತೆಗೆಯಿರಿ. ಆಮೇಲೆ ಈಗಿರುವ ಮೆನು ಪರದೆಯ ಫೋಟೋವನ್ನು ಫೋನಿನಲ್ಲೇ ಹೊಡೆದಿಟ್ಟುಕೊಳ್ಳಿ: ಯಾವ ಐಟಂ ಯಾವುದರ ಕೆಳಗಿತ್ತು, ಯಾವ ಲೊಕೇಶನ್‌ಗೆ, ಅಂದರೆ ಥೀಮಿನ ಯಾವ ಜಾಗಕ್ಕೆ, ಟಿಕ್ ಇತ್ತು. ಬ್ಯಾಕಪ್‌ಗಿಂತ ಈ ಫೋಟೋವೇ ನನ್ನನ್ನು ಹೆಚ್ಚು ಸಲ ಕಾಪಾಡಿದೆ.

ಅಪಿಯರೆನ್ಸ್ ಒಳಗಿನ ಥೀಮ್ ಫೈಲ್ ಎಡಿಟರ್ ಮುಟ್ಟಬೇಡಿ. ಯಾರೋ ವಿಡಿಯೋದಲ್ಲಿ ತೋರಿಸಿದ ಎರಡು ಸಾಲು ಕೋಡ್ ಅಲ್ಲಿ ಅಂಟಿಸಿ, ಒಂದು ಅರ್ಧವಿರಾಮ ಬಿಟ್ಟುಹೋದರೂ ಇಡೀ ಸೈಟ್ ಬಿದ್ದೀತು. ಮೆನುವಿನ ದೋಷಕ್ಕೆ ಆ ಫೈಲ್ ತೆರೆಯುವ ಪ್ರಸಂಗ ತೀರಾ ಅಪರೂಪ.

ಫೋನಿನಲ್ಲಿ ನಾನು ಕೇಳುವ ಪ್ರಶ್ನೆಗಳು ನಾಲ್ಕೇ. ಯಾವಾಗಿನಿಂದ? ಎಲ್ಲ ಪುಟದಲ್ಲೋ, ಒಂದೇ ಪುಟದಲ್ಲೋ? ಮೊಬೈಲ್‌ನಲ್ಲೋ, ಕಂಪ್ಯೂಟರ್‌ನಲ್ಲೋ? ಲಾಗಿನ್ ಆಗಿ ನೋಡುತ್ತಿದ್ದೀರೋ, ಆಗದೆಯೋ? “ನಿನ್ನೆ ಥೀಮ್ ಬದಲಿಸಿದ್ವಿ” ಎಂಬ ಮಾತು ಮೊದಲ ಪ್ರಶ್ನೆಗೇ ಬಂದುಬಿಟ್ಟರೆ ಉಳಿದ ಮೂರನ್ನು ಕೇಳುವುದೂ ಬೇಕಾಗುವುದಿಲ್ಲ.

“ಮೆನುನ ಕಾಣವಲ್ದುರಿ, ಎಲ್ಲಾ ಪುಟದಾಗೂ ಹಂಗ”

ಥೀಮ್ ಬದಲಿಸಿದ ಮರುದಿನ ಬರುವ ದೂರು ಇದು. ನೀವು ಮಾಡಿದ ಮೆನು ಡೇಟಾಬೇಸ್‌ನಲ್ಲಿ ಕ್ಷೇಮವಾಗಿಯೇ ಇರುತ್ತದೆ. ಆದರೆ “ಈ ಮೆನು ಮೇಲ್ಗಡೆ, ಆ ಮೆನು ಅಡಿಯಲ್ಲಿ” ಎಂಬ ಹಂಚಿಕೆಯನ್ನು ವರ್ಡ್‌ಪ್ರೆಸ್ ಒಂದೊಂದು ಥೀಮಿನ ಹೆಸರಿನಲ್ಲಿ ಬೇರೆ ಬೇರೆ ಬರೆದಿಡುತ್ತದೆ. ಹಳೆಯ ಥೀಮ್ ಮೇಲಿನ ಜಾಗವನ್ನು ಪ್ರೈಮರಿ ಎಂದು ಕರೆದಿರುತ್ತದೆ, ಹೊಸದು ಹೆಡರ್ ಮೇನ್ ಎಂದು ಕರೆದಿರಬಹುದು. 2017ರ 4.9 ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಊಹಿಸಿ ಜೋಡಿಸಲು ನೋಡುತ್ತದೆ, ಎಲ್ಲ ಸಲವೂ ಹೊಂದುವುದಿಲ್ಲ. ಮನೆ ಬದಲಿಸಿದಾಗ ಸಾಮಾನೆಲ್ಲ ಬಂದಿದೆ, ಯಾವುದನ್ನು ಯಾವ ಕೋಣೆಯಲ್ಲಿ ಇಡಬೇಕು ಎಂದು ಹಮಾಲರಿಗೆ ಹೇಳುವವರಿಲ್ಲ, ಅಂಥ ಸ್ಥಿತಿ.

ಅಪಿಯರೆನ್ಸ್, ಅದರಲ್ಲಿ ಮೆನೂಸ್, ಅದರಲ್ಲಿ ಮ್ಯಾನೇಜ್ ಲೊಕೇಶನ್ಸ್ ತೆರೆಯಿರಿ. ಎಡಗಡೆ ಥೀಮ್ ಒದಗಿಸುವ ಜಾಗಗಳ ಹೆಸರು, ಬಲಗಡೆ ನಿಮ್ಮ ಮೆನುಗಳ ಪಟ್ಟಿ ಇರುತ್ತದೆ. ಮೇಲಿನ ಜಾಗದ ಮುಂದೆ ನಿಮ್ಮ ಮೆನು ಆರಿಸಿ ಸೇವ್ ಮಾಡಿ. ಬ್ಯಾಡಗಿಯ ಆ ಸೈಟಿನ ರಿಪೇರಿ ಇಷ್ಟೇ. ಚಹಾ ಸೋಸುವುದರೊಳಗೆ ಮುಗಿಯಿತು.

ಮೆನೂಸ್ ಎಂಬ ಸಾಲೇ ಅಲ್ಲಿ ಇಲ್ಲವೇ? ಅದಕ್ಕೆ ಎರಡು ಕಾರಣ ಇರಬಹುದು. ಒಂದು, ನೀವು ಎಡಿಟರ್ ದರ್ಜೆಯ ಖಾತೆಯಲ್ಲಿ ಒಳಬಂದಿದ್ದೀರಿ. ಮೆನು ತಿದ್ದುವ ಅಧಿಕಾರ ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ. ಎರಡು, ಹೊಸ ಥೀಮ್ ಬ್ಲಾಕ್ ಥೀಮ್ ಆಗಿದೆ, ಅಂದರೆ ಇಡೀ ಪುಟವನ್ನು ಬ್ಲಾಕ್ ಎಂಬ ತುಂಡುಗಳಿಂದ ಜೋಡಿಸುವ ಹೊಸ ಬಗೆಯದು. 2010ರಲ್ಲಿ 3.0 ಆವೃತ್ತಿಯೊಂದಿಗೆ ಬಂದದ್ದು ಹಳೆಯ ಮೆನು ಪದ್ಧತಿ. 2022ರ ಜನವರಿಯಲ್ಲಿ 5.9 ಬಂದ ಮೇಲೆ ಬ್ಲಾಕ್ ಥೀಮುಗಳಲ್ಲಿ ಲೊಕೇಶನ್ ಎಂಬ ಮಾತೇ ಇಲ್ಲ. ಅಪಿಯರೆನ್ಸ್‌ನಲ್ಲಿ ಎಡಿಟರ್ ತೆರೆದು, ಪುಟದ ಮೇಲ್ಭಾಗವಾದ ಹೆಡರ್‌ನಲ್ಲಿರುವ ನ್ಯಾವಿಗೇಶನ್ ಬ್ಲಾಕ್ ಮುಟ್ಟಿ, ಯಾವ ಮೆನು ತೋರಿಸಬೇಕು ಎಂದು ಅಲ್ಲೇ ಆರಿಸಬೇಕು. ಯೂಟ್ಯೂಬಿನಲ್ಲಿ ಹಳೆಯ ವಿಡಿಯೋ ನೋಡಿ ಇಲ್ಲದ ಬಟನ್ ಹುಡುಕುತ್ತ ಕೂತವರನ್ನು ಬಹಳ ಕಂಡಿದ್ದೇನೆ. ತಪ್ಪು ಅವರದಲ್ಲ.

“ನಾ ಹಾಕದ ಪುಟಾ ಎಲ್ಲಾ ಮೆನುದಾಗ ಬಂದಾವ”

‘ಟೆಸ್ಟ್ 2’, ‘ಸ್ಯಾಂಪಲ್ ಪೇಜ್’, ಹಳೆಯ ದೀಪಾವಳಿ ಆಫರ್ ಎಲ್ಲ ಮೇಲೆ ಸಾಲಾಗಿ ನಿಂತಿವೆ ಎಂದರೆ, ಆ ಜಾಗಕ್ಕೆ ಯಾವ ಮೆನುವನ್ನೂ ಕೊಟ್ಟಿಲ್ಲ ಎಂದು ಅರ್ಥ. ಥೀಮ್ ಬೇಡ ಎನ್ನದಿದ್ದರೆ ಖಾಲಿ ಜಾಗವನ್ನು ವರ್ಡ್‌ಪ್ರೆಸ್ ಸುಮ್ಮನೆ ಬಿಡುವುದಿಲ್ಲ. ಪ್ರಕಟವಾದ ಪುಟಗಳನ್ನೆಲ್ಲ ತಾನೇ ಪಟ್ಟಿ ಮಾಡಿ ತುಂಬುತ್ತದೆ. ಬ್ಲಾಕ್ ಥೀಮಿನಲ್ಲಿ ಇದೇ ಕೆಲಸವನ್ನು ಪೇಜ್ ಲಿಸ್ಟ್ ಎಂಬ ಬ್ಲಾಕ್ ಮಾಡುತ್ತದೆ. ಅದನ್ನು ತೆಗೆದು ಬೇಕಾದ ಕೊಂಡಿಗಳನ್ನು ಹಾಕಿ.

ಮೆನು ಸರಿಯಾಗಿಯೇ ಇದೆ, ಹೊಸ ಪುಟ ಮಾಡಿದಾಗೊಮ್ಮೆ ಅದೂ ಬಂದು ಸೇರಿಕೊಳ್ಳುತ್ತಿದೆ ಎಂದರೆ ಮೆನು ಪರದೆಯ ಅಡಿಯಲ್ಲಿ ಆಟೋ ಆ್ಯಡ್ ಪೇಜಸ್‌ಗೆ ಟಿಕ್ ಇರುತ್ತದೆ. ತೆಗೆಯಿರಿ.

“ನನಗ ಕಾಣಸ್ತೈತಿ, ಗಿರಾಕಿಗೆ ಹಳೇದ ಕಾಣಸ್ತೈತಿ”

ಇದು ಕ್ಯಾಶ್. ಪುಟದ ಹಳೆಯ ಪ್ರತಿಯನ್ನು ಎಲ್ಲೋ ಉಳಿಸಿಕೊಂಡು ಅದನ್ನೇ ಮತ್ತೆ ಮತ್ತೆ ಬಡಿಸುವುದು. ಲಾಗಿನ್ ಆದವರಿಗೆ ಕ್ಯಾಶ್ ಪ್ಲಗಿನ್‌ಗಳು ಸಾಮಾನ್ಯವಾಗಿ ತಾಜಾ ಪುಟ ಕೊಡುತ್ತವೆ, ಆದ್ದರಿಂದ ಮಾಲೀಕರಿಗೆ ಎಲ್ಲ ಸರಿಯಾಗಿ ಕಾಣುತ್ತದೆ, ಊರಿಗೆಲ್ಲ ಹಳೆಯದು ಕಾಣುತ್ತದೆ.

ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಸೈಟ್ ತೆರೆಯಿರಿ. ಗಿರಾಕಿಯ ಕಣ್ಣಿಗೆ ಬೀಳುವುದು ಅದು. ಅಲ್ಲಿಯೂ ಹಳೆಯದೇ ಇದ್ದರೆ ಮೊದಲು ಕ್ಯಾಶ್ ಪ್ಲಗಿನ್, ಆಮೇಲೆ ಹೋಸ್ಟಿಂಗ್ ಪ್ಯಾನೆಲ್, ಆಮೇಲೆ ಸೈಟಿನ ಪ್ರತಿಯನ್ನು ಹೊರಗೆ ಇಟ್ಟು ಹಂಚುವ ಕ್ಲೌಡ್‌ಫ್ಲೇರ್‌ನಂಥ ಸೇವೆ ಇದ್ದರೆ ಅಲ್ಲಿ, ಇದೇ ಕ್ರಮದಲ್ಲಿ ಕ್ಯಾಶ್ ತೆರವು ಮಾಡಿ. ಒಳಗಿನಿಂದ ಹೊರಗೆ ಬರಬೇಕು. ಹೊರಗಿನದನ್ನು ಮೊದಲು ತೆರವು ಮಾಡಿದರೆ ಅದು ಒಳಗಿನ ಹಳೆಯ ಪ್ರತಿಯನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಇನ್‌ಕಾಗ್ನಿಟೋದಲ್ಲಿ ಹೊಸದೇ ಕಂಡು ನಿಮ್ಮ ಮಾಮೂಲಿ ಕಿಟಕಿಯಲ್ಲಿ ಹಳೆಯದಿದ್ದರೆ, ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಮುಗಿಯಿತು.

“ಮೂರು ಗೆರಿ ಒತ್ತಿದ್ರ ಏನೂ ಆಗವಲ್ದು”

ಸಣ್ಣ ಪರದೆಯಲ್ಲಿ ಮೆನು ತೆರೆಯಲು ಒತ್ತುವ ಈ ಮೂರು ಗೆರೆಯ ಚಿತ್ರ ಮೊಬೈಲ್ ಕಾಲದ್ದು ಎಂದು ನಾವು ತಿಳಿದಿದ್ದೇವೆ. ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರ ಇದನ್ನು ಬಿಡಿಸಿದ್ದು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ. ಚಿತ್ರಕ್ಕೆ ನಾಲ್ಕು ದಶಕ ದಾಟಿದರೂ ಅದನ್ನು ಒತ್ತಿದಾಗ ಪಟ್ಟಿ ಬಿಚ್ಚಿಕೊಳ್ಳುವುದು ಪುಟದೊಳಗಿನ ಜಾವಾಸ್ಕ್ರಿಪ್ಟ್ ಎಂಬ ಕೋಡಿನ ಕೃಪೆಯಿಂದ. ಸ್ಕ್ರಿಪ್ಟ್ ಎಡವಿದರೆ ಗೆರೆ ಬರೀ ಗೆರೆ.

ಎರಡು ಸಾಧ್ಯತೆಗಳನ್ನು ಮೊದಲು ಬೇರ್ಪಡಿಸಿ. ಗೆರೆ ಒತ್ತಿದಾಗ ಬಣ್ಣ, ನೆರಳು ಏನಾದರೂ ಮಿಣುಕಿದರೆ ಬೆರಳು ಮುಟ್ಟಿದೆ, ಸ್ಕ್ರಿಪ್ಟ್ ಕೆಲಸ ಮಾಡಿಲ್ಲ. ಏನೂ ಮಿಣುಕದಿದ್ದರೆ ಅದರ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ಪದರ ಕೂತಿರಬಹುದು. ಕುಕೀ ಪಟ್ಟಿ, ಪಾಪಪ್‌ನ ಉಳಿಕೆ, ವಾಟ್ಸಾಪ್ ಬಟನ್ನಿನ ಪಾರದರ್ಶಕ ಚೌಕಟ್ಟು, ಇವು ಮಾಮೂಲಿ ಆರೋಪಿಗಳು. ಆ ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ.

ಸ್ಕ್ರಿಪ್ಟಿನ ಗುಮಾನಿ ಇದ್ದರೆ ಕಂಪ್ಯೂಟರಿನಲ್ಲಿ ಸೈಟ್ ತೆರೆದು, ಕಿಟಕಿಯನ್ನು ಎಳೆದು ಮೊಬೈಲಿನಷ್ಟು ಸಣ್ಣದು ಮಾಡಿ, ಎಫ್12 ಒತ್ತಿ, ಪುಟದ ದೋಷಗಳನ್ನು ಬರೆದು ತೋರಿಸುವ ಕನ್ಸೋಲ್ ನೋಡಿ. ಕೆಂಪು ಸಾಲುಗಳನ್ನು ಕಂಡು ಗಾಬರಿ ಬೇಡ, ಎಲ್ಲ ಸೈಟಿನಲ್ಲೂ ಒಂದೆರಡು ಇರುತ್ತವೆ. “ಜೆಕ್ವೆರಿ ಈಸ್ ನಾಟ್ ಡಿಫೈನ್ಡ್” ಎಂಬ ಧಾಟಿಯ ಸಾಲು ಇದ್ದರೆ ಅದು ಮುಖ್ಯ. ಜೆಕ್ವೆರಿ ಅಂದರೆ ಬೇರೆ ಸ್ಕ್ರಿಪ್ಟುಗಳು ನೆಚ್ಚಿಕೊಳ್ಳುವ ಸಿದ್ಧ ಜಾವಾಸ್ಕ್ರಿಪ್ಟ್ ಕಟ್ಟು. ಸ್ಕ್ರಿಪ್ಟುಗಳು ಬರಬೇಕಾದ ಸರದಿಯಲ್ಲಿ ಬಂದಿಲ್ಲ ಎಂದು ಅದರ ಅರ್ಥ. ಸೈಟ್ ವೇಗವಾಗಲಿ ಎಂದು ಹಾಕಿದ ಪ್ಲಗಿನ್‌ನಲ್ಲಿ ಸ್ಕ್ರಿಪ್ಟನ್ನು ತಡಮಾಡುವ, ಒಟ್ಟುಗೂಡಿಸುವ ಆಯ್ಕೆಗಳು ಇರುತ್ತವಲ್ಲ, ಅವನ್ನು ಆಫ್ ಮಾಡಿ, ಕ್ಯಾಶ್ ತೆರವು ಮಾಡಿ, ಮತ್ತೆ ಒತ್ತಿ ನೋಡಿ. ನಾನು ನೋಡಿದ ಮೂರು ಗೆರೆಯ ಸಮಸ್ಯೆಗಳಲ್ಲಿ ಬಹುಪಾಲು ಇಲ್ಲೇ ಬಗೆಹರಿದಿವೆ. ವೇಗದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೈದು ಅಂಕ ಬಂದಿದೆ ಎಂದು ಖುಷಿಪಟ್ಟವರ ಸೈಟಿನಲ್ಲಿ ಮೆನು ತೆರೆಯದೆ ಕೂತದ್ದನ್ನು ನೋಡಿದ್ದೇನೆ. ಅಂಕ ಯಾರಿಗೆ ಬೇಕು!

ಒಂದು ಮಾತು: ಗೆರೆಯನ್ನು ಮೊದಲ ಸಲ ಒತ್ತಿದಾಗ ಆಗದೆ, ಎರಡನೇ ಸಲಕ್ಕೆ ತೆರೆದುಕೊಂಡರೆ ಅದೂ ಇದೇ ದೋಷ. ತಡಮಾಡಿದ ಸ್ಕ್ರಿಪ್ಟ್ ಮೊದಲ ಒತ್ತಿಗೆ ಎದ್ದು ಕೂರುತ್ತದೆ, ಎರಡನೆಯದಕ್ಕೆ ಕೆಲಸ ಮಾಡುತ್ತದೆ. ಮಾಲೀಕರು ನೆಟ್‌ವರ್ಕ್ ಬೈದು ಸುಮ್ಮನಾಗಿರುತ್ತಾರೆ.

ಥೀಮ್ ಬಹಳ ಹಳೆಯದೇ? 2020ರ ಆಗಸ್ಟ್‌ನಲ್ಲಿ ಬಂದ 5.5 ಆವೃತ್ತಿಯಲ್ಲಿ ಹಳೆಯ ಜೆಕ್ವೆರಿ ಕೋಡನ್ನು ನಡೆಸುತ್ತಿದ್ದ ಜೆಕ್ವೆರಿ ಮೈಗ್ರೇಟ್ ಎಂಬ ಊರುಗೋಲನ್ನು ವರ್ಡ್‌ಪ್ರೆಸ್ ಕಿತ್ತಿತು. ಅದನ್ನೇ ನೆಚ್ಚಿಕೊಂಡಿದ್ದ ಥೀಮುಗಳ ಮೆನು ಆಗ ಸತ್ತುಹೋದವು. ಅಂಥ ಥೀಮನ್ನು ತೇಪೆ ಹಾಕಿ ನಡೆಸುವುದಕ್ಕಿಂತ ಬದಲಿಸುವುದು ಲೇಸು.

ಇಷ್ಟರಲ್ಲೂ ಸಿಗದಿದ್ದರೆ ಹೆಲ್ತ್ ಚೆಕ್ ಆ್ಯಂಡ್ ಟ್ರಬಲ್‌ಶೂಟಿಂಗ್ ಎಂಬ ಪ್ಲಗಿನ್ ಹಾಕಿ. ಅದರ ಟ್ರಬಲ್‌ಶೂಟಿಂಗ್ ಮೋಡ್‌ನಲ್ಲಿ ನಿಮಗೊಬ್ಬರಿಗೆ ಮಾತ್ರ ಎಲ್ಲ ಪ್ಲಗಿನ್‌ಗಳು ನಿಂತಂತೆ ಕಾಣುತ್ತದೆ, ಗಿರಾಕಿಗಳಿಗೆ ಸೈಟ್ ಎಂದಿನಂತೆ ನಡೆದಿರುತ್ತದೆ. ಒಂದೊಂದನ್ನೇ ಚಾಲೂ ಮಾಡುತ್ತ ಬನ್ನಿ. ಯಾವುದನ್ನು ಚಾಲೂ ಮಾಡಿದಾಗ ಮೆನು ನಿಂತಿತೋ ಕಳ್ಳ ಅದೇ.

ಕಂಪ್ಯೂಟರಿನ ದೊಡ್ಡ ಪರದೆಯಲ್ಲೂ ಮೂರು ಗೆರೆಯೇ ಬರುತ್ತಿದ್ದರೆ ಏನೂ ಕೆಟ್ಟಿಲ್ಲ. ನ್ಯಾವಿಗೇಶನ್ ಬ್ಲಾಕಿನ ಓವರ್‌ಲೇ ಮೆನು ಆಯ್ಕೆ ‘ಆಲ್ವೇಸ್’ ಮೇಲಿದೆ. ‘ಮೊಬೈಲ್’ಗೆ ತನ್ನಿ.

“ಒತ್ತಕ್ಷರ ಕತ್ತರಿಸಿ ಹೋಗ್ಯಾವ, ಮೆನು ಎರಡು ಸಾಲಾಗೇತಿ”

ಇಂಗ್ಲಿಷ್ ಥೀಮಿಗೆ ಕನ್ನಡ ಸುರಿದಾಗ ಆಗುವ ಫಜೀತಿ ಇದು, ಇದರ ಬಗ್ಗೆ ಹೇಳುವವರು ಕಡಿಮೆ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಸೈಟಿನಲ್ಲಿ ‘ಉತ್ಪನ್ನಗಳು’ ಎಂಬ ಮೆನು ಐಟಂ ‘ಉತನಗಳು’ ಎಂದು ಕಾಣುತ್ತಿತ್ತು. ಮಾಲೀಕರು ಅಚ್ಚಿನ ಮೊಳೆ ಜೋಡಿಸಿ ಬೆಳೆದವರು, ಅಕ್ಷರ ದೋಷ ಅವರಿಗೆ ಹಲ್ಲಿನಲ್ಲಿ ಸಿಕ್ಕ ನಾರಿನಂತೆ. “ಟೈಪ್ ಮಾಡಿದವರು ಒತ್ತು ಬಿಟ್ಟಾರ, ತಿದ್ದರಿ” ಎಂದರು. ಟೈಪ್ ಮಾಡಿದವರು ಏನೂ ಬಿಟ್ಟಿರಲಿಲ್ಲ. ಪಕಾರದ ಒತ್ತು, ನಕಾರದ ಒತ್ತು ಎರಡೂ ಸಾಲಿನ ಕೆಳಗೆ ಇಳಿಯುತ್ತವೆ. ಥೀಮ್ ಮಾಡಿದವನು ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಮೆನು ಪಟ್ಟಿಗೆ ಬಿಗಿಯಾದ ಎತ್ತರ ಕೊಟ್ಟಿದ್ದ, ಮೀರಿದ್ದನ್ನು ಮರೆಮಾಡು ಎಂದೂ ಬರೆದಿದ್ದ. ಪಟ್ಟಿಯ ಅಂಚು ಒತ್ತುಗಳನ್ನು ಕುಯ್ದುಹಾಕಿತ್ತು. ಮೌಸಿನಿಂದ ಆ ಪದವನ್ನು ಆಯ್ದು ಬೇರೆ ಕಡೆ ಅಂಟಿಸಿ ನೋಡಿ: ಅಲ್ಲಿ ಒತ್ತು ಸರಿಯಾಗಿ ಬಂದರೆ ದೋಷ ಬರಹದ್ದಲ್ಲ, ಪೆಟ್ಟಿಗೆಯದ್ದು.

ಪರಿಹಾರ ಮೂರು ಸಣ್ಣ ಬದಲಾವಣೆ. ಮೆನುವಿನ ಲೈನ್-ಹೈಟ್ (ಸಾಲಿನ ಎತ್ತರ) 1.6ರ ಆಸುಪಾಸಿಗೆ ಏರಿಸಿ. ನಿಗದಿ ಎತ್ತರ ತೆಗೆದು ಮೇಲೆ ಕೆಳಗೆ ಪ್ಯಾಡಿಂಗ್ (ಪೆಟ್ಟಿಗೆಯ ಒಳಗೆ ಬಿಡುವ ಜಾಗ) ಕೊಡಿ. ಲೆಟರ್-ಸ್ಪೇಸಿಂಗ್ ಸೊನ್ನೆ ಮಾಡಿ. ಇಂಗ್ಲಿಷಿನಲ್ಲಿ ಅಕ್ಷರಗಳ ನಡುವೆ ಜಾಗ ಬಿಟ್ಟರೆ ಠೀವಿ, ಕನ್ನಡದಲ್ಲಿ ಹಲ್ಲು ಬಿದ್ದಂತೆ ಕಾಣುತ್ತದೆ. ಇವನ್ನು ಥೀಮಿನ ಸೆಟ್ಟಿಂಗ್‌ನಲ್ಲೋ ಅಡಿಷನಲ್ ಸಿಎಸ್‌ಎಸ್ (ಸಿಎಸ್‌ಎಸ್ ಅಂದರೆ ಪುಟದ ಅಂದಚಂದ ಹೇಳುವ ಕೋಡ್) ಎಂಬಲ್ಲೋ ಹಾಕಬಹುದು, ಫೈಲ್ ತಿದ್ದಬೇಕಿಲ್ಲ. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ ಇಟ್ಟರೆ ಎಲ್ಲ ಫೋನುಗಳಲ್ಲೂ ಒಂದೇ ತರಹ ಕಾಣುತ್ತದೆ.

ಮೆನು ಎರಡು ಸಾಲಿಗೆ ಒಡೆಯುವುದು ಇನ್ನೊಂದು ಕಥೆ. ಬ್ಲಾಕ್ ಥೀಮಿನ ನ್ಯಾವಿಗೇಶನ್ ಪರದೆಯ ಅಗಲ 600 ಪಿಕ್ಸೆಲ್‌ಗಿಂತ ಕಡಿಮೆಯಾದಾಗ ಮಾತ್ರ ಮೂರು ಗೆರೆಯಾಗುತ್ತದೆ. ‘ಹೋಮ್, ಅಬೌಟ್, ಕಾಂಟ್ಯಾಕ್ಟ್’ ಅಷ್ಟರಲ್ಲಿ ಹಿಡಿಸುತ್ತದೆ. ‘ಮುಖಪುಟ, ನಮ್ಮ ಬಗ್ಗೆ, ನಮ್ಮ ಉತ್ಪನ್ನಗಳು, ನಮ್ಮನ್ನು ಸಂಪರ್ಕಿಸಿ’ ಹಿಡಿಸುವುದಿಲ್ಲ. ಹೀಗಾಗಿ ಫೋನಿನಲ್ಲೂ ಸರಿ, ದೊಡ್ಡ ಪರದೆಯಲ್ಲೂ ಸರಿ, ನಡುವಿನ ಟ್ಯಾಬ್ಲೆಟ್‌ನಲ್ಲಿ ಮಾತ್ರ ಹೆಡರ್ ಉಬ್ಬಿಕೊಳ್ಳುತ್ತದೆ. ಮೊದಲು ಪದ ಕತ್ತರಿಸಿ: ‘ಸಂಪರ್ಕ’ ಸಾಕು, ‘ನಮ್ಮನ್ನು ಸಂಪರ್ಕಿಸಿ’ ಯಾಕೆ? ಆ ಪ್ರೆಸ್ಸಿನವರು ‘ಉತ್ಪನ್ನಗಳು’ ತೆಗೆದು ‘ಲಗ್ನಪತ್ರಿಕೆ’, ‘ಬಿಲ್ ಬುಕ್’ ಎಂದೇ ಬರೆಸಿದರು. ಗಿರಾಕಿ ಕೇಳಿಕೊಂಡು ಬರುವುದೂ ಅವೇ ಮಾತುಗಳಿಂದ.

“ಬೆರಳು ಅಲ್ಲಿಗೆ ಹೋಗೂದ್ರಾಗ ಒಳಮೆನು ಮಾಯ”

ಕಂಪ್ಯೂಟರಿನಲ್ಲಿ ಒಳಮೆನು ಇಳಿದು, ಮೌಸ್ ತಲುಪುವ ಮೊದಲೇ ಮುಚ್ಚಿದರೆ ಮೇಲಿನ ಐಟಂ ಮತ್ತು ಒಳಪಟ್ಟಿಯ ನಡುವೆ ಸಣ್ಣ ಸಂದು ಇದೆ. ಮೌಸ್ ಆ ಸಂದಿಗೆ ಬಿದ್ದ ಕ್ಷಣ ಮೆನು ‘ಇವರು ಹೊರಟರು’ ಎಂದುಕೊಳ್ಳುತ್ತದೆ. ಸಂದಿಗೆ ಕಾರಣವಾದ ಮಾರ್ಜಿನ್ (ಪೆಟ್ಟಿಗೆಯ ಹೊರಗೆ ಬಿಡುವ ಜಾಗ) ತೆಗೆದು ಪ್ಯಾಡಿಂಗ್ ಮಾಡಿದರೆ ಸರಿಹೋಗುತ್ತದೆ. ಒಳಮೆನು ಸ್ಲೈಡರ್ (ಒಂದಾದ ಮೇಲೊಂದು ಸರಿಯುವ) ಫೋಟೋದ ಹಿಂದೆ ಅಡಗುತ್ತಿದ್ದರೆ, ಯಾವುದು ಮೇಲೆ ಕಾಣಬೇಕು ಎಂದು ಹೇಳುವ ಝಡ್-ಇಂಡೆಕ್ಸ್ ಸಂಖ್ಯೆಯ ಜಗಳ. ಹೆಡರ್‌ಗೆ ಸ್ಲೈಡರ್‌ಗಿಂತ ದೊಡ್ಡ ಸಂಖ್ಯೆ ಕೊಡಬೇಕು.

ಮೊಬೈಲಿನಲ್ಲಿ ‘ಮೆಣಸಿನಕಾಯಿ’ ಒತ್ತಿದರೆ ಒಳಗಿನ ಡಬ್ಬಿ, ಕಡ್ಡಿ ತೋರಿಸದೆ ನೇರ ಪುಟಕ್ಕೆ ಹಾರುತ್ತದೆಯೇ? ತೆರೆಯುವ ಬಾಣದ ಗುರುತು ಬೆರಳಿಗಿಂತ ಸಣ್ಣದಾಗಿರಬಹುದು. ಸೈಟು ಎಲ್ಲರಿಗೂ ಬಳಸಲು ಬರಬೇಕು ಎಂದು ಮಾಡಿದ, 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿ ಒತ್ತುವ ಗುರುತಿಗೆ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಕೇಳುತ್ತದೆ. ಆ್ಯಪಲ್ 44, ಗೂಗಲ್ 48 ಎನ್ನುತ್ತವೆ. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಫೋನ್ ಹಿಡಿಯುವ ಜನರಿಗೆ ನಾನು 48ಕ್ಕಿಂತ ಕಡಿಮೆ ಇಡುವುದಿಲ್ಲ.

“ಮೆನು ಒತ್ತಿದ್ರ ಪುಟಾನ ಸಿಗವಲ್ದು”

ಎಲ್ಲ ಕೊಂಡಿಗಳೂ 404, ಅಂದರೆ ಪುಟ ಸಿಗಲಿಲ್ಲ, ಎಂದು ಹೇಳುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆರೆದು, ಏನನ್ನೂ ಬದಲಿಸದೆ ಸೇವ್ ಒತ್ತಿ. ವಿಳಾಸದ ನಿಯಮಗಳು ಹೊಸದಾಗಿ ಬರೆದುಕೊಳ್ಳುತ್ತವೆ. ಸೈಟನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸಿದ ಮೇಲೆ ಇದು ಮಾಮೂಲಿ.

ಒಂದೆರಡು ಮಾತ್ರ ಹೀಗಾಗುತ್ತಿದ್ದರೆ ಅವನ್ನು ಕಸ್ಟಮ್ ಲಿಂಕ್ ಆಗಿ ಕೈಯಿಂದ ಬರೆದು ಹಾಕಿರುತ್ತೀರಿ. ಕನ್ನಡ ಹೆಸರಿನ ಪುಟಗಳಲ್ಲಿ ಇದಕ್ಕೊಂದು ವಿಚಿತ್ರ ಕಾರಣವಿದೆ. ಪುಟದ ವಿಳಾಸಕ್ಕೆ ವರ್ಡ್‌ಪ್ರೆಸ್ 200 ಚಿಹ್ನೆಗಳ ಮಿತಿ ಇಟ್ಟಿದೆ. ‘ಬ್ಯಾಡಗಿ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಅದನ್ನು ಬಕಾರ, ಹಲಂತ, ಯಕಾರ, ದೀರ್ಘ, ಡಕಾರ, ಗಕಾರ, ಗುಡಿಸು ಎಂದು ಏಳಾಗಿ ಎಣಿಸುತ್ತದೆ. ವಿಳಾಸದಲ್ಲಿ ಬರೆಯುವಾಗ ಒಂದೊಂದಕ್ಕೂ ಒಂಬತ್ತು ಚಿಹ್ನೆ ಬೇಕು, ಅಂದರೆ ಆ ಒಂದು ಪದಕ್ಕೇ 63. ‘ಬ್ಯಾಡಗಿ ಒಣ ಮೆಣಸಿನಕಾಯಿ ದರಗಳು’ ಎಂದು ಹೆಸರಿಟ್ಟರೆ ಕೊನೆಯ ಪದದಲ್ಲಿ ಮಿತಿ ಮುಗಿದು ‘ದರ’ ಅಷ್ಟೇ ಉಳಿಯುತ್ತದೆ. ನೀವು ಕಸ್ಟಮ್ ಲಿಂಕ್‌ನಲ್ಲಿ ‘ದರಗಳು’ ಎಂದು ಪೂರ್ತಿ ಬರೆದಿರುತ್ತೀರಿ. ಎರಡೂ ಕೂಡುವುದೆಲ್ಲಿಂದ?

ಕಸ್ಟಮ್ ಲಿಂಕ್ ಅಳಿಸಿ, ಮೆನು ಪರದೆಯ ಪೇಜಸ್ ಪಟ್ಟಿಯಿಂದಲೇ ಆ ಪುಟವನ್ನು ಆರಿಸಿ ಸೇರಿಸಿ. ಆಗ ವಿಳಾಸ ಏನೇ ಇದ್ದರೂ ಮೆನು ಅದನ್ನು ಹಿಂಬಾಲಿಸುತ್ತದೆ. ಹೊಸ ಪುಟಗಳಿಗೆ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡುವುದು ನನ್ನ ರೂಢಿ. ವಾಟ್ಸಾಪಿನಲ್ಲಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ ಬರುವುದಿಲ್ಲ. ಈಗಾಗಲೇ ಜನ ಬಳಸುತ್ತಿರುವ ಪುಟದ ವಿಳಾಸ ಬದಲಿಸುವುದಾದರೆ ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಹಾಕಿ. ಪೋಸ್ಟುಗಳಿಗೆ ವರ್ಡ್‌ಪ್ರೆಸ್ ಹಳೆಯ ವಿಳಾಸ ನೆನಪಿಡುತ್ತದೆ, ಪುಟಗಳಿಗೆ ನೆನಪಿಡುವುದಿಲ್ಲ.

“ಎಲ್ಲಾ ಸರಿ ಐತಿ, ಆದ್ರೂ ಮಂದಿ ಫೋನ್ ಮಾಡಿ ಕೇಳ್ತಾರ”

ಕನ್ಸೋಲ್‌ನಲ್ಲಿ ಕೆಂಪಿಲ್ಲ, ಕೊಂಡಿ ಮುರಿದಿಲ್ಲ, ಆದರೂ ಗಿರಾಕಿಗಳು “ರೇಟ್ ಎಲ್ಲೈತ್ರಿ ನಿಮ್ಮ ಸೈಟಿನ್ಯಾಗ?” ಎಂದು ಫೋನಿನಲ್ಲಿ ಕೇಳುತ್ತಿದ್ದರೆ ಮೆನು ತಪ್ಪಾದ ಕಡೆ ಇದೆ. ನನ್ನ ಮಟ್ಟಿಗೆ ಇದೂ ದೋಷವೇ, ಮತ್ತು ಹುಡುಕಲು ಇದೇ ಎಲ್ಲಕ್ಕಿಂತ ಕಷ್ಟ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಸೈಟನ್ನು ಎಂದೂ ನೋಡದ ಒಬ್ಬರ ಕೈಗೆ ಫೋನ್ ಕೊಟ್ಟು, “ಡಬ್ಬಿ ಮೆಣಸಿನಕಾಯಿ ದರಾ ಹುಡುಕ್ರಿ” ಎಂದು ಹೇಳಿ, ಬಾಯಿ ಮುಚ್ಚಿಕೊಂಡು ನಿಲ್ಲಿ. ಬಾಯಿ ಮುಚ್ಚುವುದೇ ಕಷ್ಟದ ಭಾಗ. ಬ್ಯಾಡಗಿಯ ಅಂಗಡಿಯಲ್ಲಿ ತೂಕ ಮಾಡುವವರ ಕೈಗೆ ಕೊಟ್ಟೆವು. ಅವರು ಮೂರು ಗೆರೆಯ ಕಡೆ ನೋಡಲೇ ಇಲ್ಲ. ಪುಟವನ್ನು ಕೆಳಗೆ ತಳ್ಳಿದರು, ತಳ್ಳಿದರು, ಅಡಿ ಮುಟ್ಟಿ, “ಇಲ್ಲೇನೂ ಇಲ್ಲಲ್ರಿ ಸಾವಕಾರ್ರ” ಎಂದರು. ಮೆನುವನ್ನು ಬಚ್ಚಿಟ್ಟರೆ ಜನ ಅದನ್ನು ಕಡಿಮೆ ಬಳಸುತ್ತಾರೆ ಎಂದು ಸೈಟುಗಳ ಬಳಕೆಯನ್ನು ಅಧ್ಯಯನ ಮಾಡುವ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲೇ ಪರೀಕ್ಷೆ ಮಾಡಿ ಬರೆದಿತ್ತು. ನಾನು ಅದನ್ನು ಓದಿಯೂ ಇದ್ದೆ. ಆದರೂ ಎಲ್ಲವನ್ನೂ ಮೂರು ಗೆರೆಯೊಳಗೆ ತುಂಬಿದ್ದು ನಾನೇ.

ಆಮೇಲೆ ಮಾಡಿದ್ದು ಇಷ್ಟು: ‘ಇಂದಿನ ದರ’, ‘ಡಬ್ಬಿ’, ‘ಕಡ್ಡಿ’, ‘ಫೋನ್’ ನಾಲ್ಕನ್ನು ಮೊಬೈಲಿನಲ್ಲೂ ಕಾಣುವಂತೆ ಒಂದು ಸಾಲಿನಲ್ಲಿ ಇಟ್ಟೆವು. ಉಳಿದದ್ದು ಮೂರು ಗೆರೆಯೊಳಗೆ. ವಿಳಾಸ, ಹಿಂತಿರುಗಿಸುವ ನಿಯಮ, ಖಾಸಗಿತನದ ನೀತಿ ಅಡಿಬರಹದ ಮೆನುವಿಗೆ. ಜನ ಅವನ್ನು ಅಲ್ಲೇ ಹುಡುಕುತ್ತಾರೆ. ಮೇಲಿನ ಮೆನುವನ್ನೇ ನಕಲು ಮಾಡಿ ಅಡಿಗೂ ಹಾಕುವುದು ನನಗೆ ಸೇರುವುದಿಲ್ಲ. ಪುಟದ ಅಡಿ ಮುಟ್ಟಿದವನಿಗೆ ಬೇಕಾದದ್ದು ಬೇರೆ.

ಪುಟ ಬಹಳ ಉದ್ದವಿದ್ದರೆ ಮೆನು ಬರೀ ತಲೆಯಲ್ಲಿದ್ದು ಪ್ರಯೋಜನವಿಲ್ಲ. ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಹೊರಗೆ ಹೋಗುವ ದಾರಿಯ ಫಲಕವನ್ನು ಒಂದೇ ತುದಿಗೆ ಹಾಕಿದ್ದರೆ ನಡುವೆ ಇಳಿದವರ ಗತಿ ಏನಾಗುತ್ತಿತ್ತು! ಉದ್ದ ಪುಟಕ್ಕೆ ಅಂಟಿಕೊಂಡು ಬರುವ ಸ್ಟಿಕಿ ಮೆನು ಹಾಕಿ. ಆದರೆ ಅದನ್ನು ತೆಳ್ಳಗಿಡಿ. ಬ್ರೌಸರ್‌ನ ವಿಳಾಸಪಟ್ಟಿ, ದಪ್ಪ ಮೆನು, ಕೆಳಗೆ ವಾಟ್ಸಾಪ್ ಬಟನ್ ಎಲ್ಲ ಸೇರಿ ಓದುವ ಜಾಗವನ್ನೇ ನುಂಗುತ್ತವೆ.

ಮೆನು ಇರಬಾರದ ಪುಟಗಳೂ ಇವೆ. ಧಾರವಾಡದಿಂದ ಪೇಡೆ ಕಳಿಸುವವರ ಸೈಟಿನಲ್ಲಿ ಗಿರಾಕಿ ಹಣ ಕಟ್ಟುವ ಪುಟಕ್ಕೆ ಬಂದಾಗ ಮೇಲೆ ಹತ್ತು ಕೊಂಡಿ ಇದ್ದರೆ ಆತ ‘ನಮ್ಮ ಇತಿಹಾಸ’ ಒತ್ತಿ ಹೊರಟುಹೋದಾನು. ಅಲ್ಲಿ ಲೋಗೋ, ಬುಟ್ಟಿಗೆ ಮರಳುವ ಕೊಂಡಿ, ಫೋನ್ ನಂಬರ್ ಮೂರೇ ಸಾಕು. ಇದಕ್ಕಾಗಿ ಮೆನುವನ್ನು ಸಿಎಸ್‌ಎಸ್‌ನಿಂದ ಮರೆಮಾಡುವ ಬದಲು ಆ ಪುಟಕ್ಕೆ ಮೆನು ಇಲ್ಲದ ಟೆಂಪ್ಲೇಟ್ (ಪುಟದ ಅಚ್ಚು) ಕೊಡಿ. ಹಾಗೆ ಕೊಟ್ಟದ್ದನ್ನು ಮರೆತು ಆರು ತಿಂಗಳ ಮೇಲೆ “ಈ ಒಂದು ಪುಟದಾಗ ಮೆನು ಇಲ್ಲ” ಎಂದು ಗಾಬರಿಯಾಗುವುದೂ ಉಂಟು. ಒಂದೇ ಪುಟದಲ್ಲಿ ಮೆನು ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಆ ಪುಟದ ಟೆಂಪ್ಲೇಟನ್ನೇ.

ಇಪ್ಪತ್ತು ಮೂವತ್ತು ವಿಭಾಗ ಇದ್ದರೆ, ಲಗ್ನಪತ್ರಿಕೆಯ ನಮೂನೆಗಳ ಹಾಗೆ, ಪಕ್ಕದ ಪಟ್ಟಿ ಸರಿ. ಕನ್ನಡ, ಇಂಗ್ಲಿಷ್ ಎರಡೂ ಇರುವ ಸೈಟಿನಲ್ಲಿ ಭಾಷೆ ಬದಲಿಸುವ ಕೊಂಡಿಯನ್ನು ಮೂರು ಗೆರೆಯ ಒಳಗೆ ಹಾಕಬೇಡಿ. ಆ ಭಾಷೆ ಓದಲು ಬಾರದವರಿಗೆ ಒಳಗೆ ಹೋಗುವ ದಾರಿಯೂ ತಿಳಿಯುವುದಿಲ್ಲ. ಮತ್ತು ಐಟಂಗಳ ಕ್ರಮ ಪುಟದಿಂದ ಪುಟಕ್ಕೆ ಬದಲಾಗಬಾರದು, ಮೊದಲೇ ಹೇಳಿದ ಮಾರ್ಗಸೂಚಿ ಇದನ್ನೂ ಕೇಳುತ್ತದೆ.

ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಪೂರ್ತಿ ಬಿಳಿ ಪುಟ, ಅಥವಾ ‘ಕ್ರಿಟಿಕಲ್ ಎರರ್’ ಎಂಬ ಸಂದೇಶ ಬಂದರೆ ಇನ್ನೇನೂ ಒತ್ತಬೇಡಿ. 2019ರ 5.2 ಆವೃತ್ತಿಯಿಂದ ಇಂಥ ಹೊತ್ತಿನಲ್ಲಿ ವರ್ಡ್‌ಪ್ರೆಸ್ ಅಡ್ಮಿನ್ ಇಮೇಲ್‌ಗೆ ರಿಕವರಿ ಮೋಡ್‌ನ (ಕೆಟ್ಟ ಸೈಟಿನ ಒಳಗೆ ಹೋಗಿ ಸರಿಪಡಿಸುವ ದಾರಿ) ಕೊಂಡಿ ಕಳಿಸುತ್ತದೆ. ಆ ಇಮೇಲ್ ಯಾರದ್ದು, ತೆರೆಯುತ್ತದೆಯೇ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಸೈಟ್ ಮಾಡಿಕೊಟ್ಟು ಊರು ಬಿಟ್ಟ ಹುಡುಗನ ಇಮೇಲ್ ಇರುವುದೇ ಹೆಚ್ಚು.

ಮೆನುವಿನಲ್ಲಿ ನೀವು ಹಾಕದ ಜೂಜಿನ, ಔಷಧದ, ಸಾಲದ ಕೊಂಡಿಗಳು ಕಂಡರೆ, ಅಥವಾ ಮೆನು ಒತ್ತಿದಾಗ ಮೊಬೈಲಿನಲ್ಲಿ ಮಾತ್ರ ಬೇರೆ ಸೈಟಿಗೆ ಹಾರಿದರೆ, ಅದು ಮೆನುವಿನ ದೋಷವಲ್ಲ, ಯಾರೋ ಒಳಗೆ ನುಗ್ಗಿದ್ದಾರೆ. ಆ ಕೊಂಡಿ ಅಳಿಸಿ ಸುಮ್ಮನಾಗಬೇಡಿ, ಮರುದಿನ ಮತ್ತೆ ಬರುತ್ತದೆ. ಬೇರೆ ಕಂಪ್ಯೂಟರಿನಿಂದ ಅಡ್ಮಿನ್ ಮತ್ತು ಹೋಸ್ಟಿಂಗ್ ಪಾಸ್‌ವರ್ಡ್ ಎರಡನ್ನೂ ಬದಲಿಸಿ, ಕಂಡದ್ದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಹೋಸ್ಟಿಂಗ್ ಕಂಪನಿಗೆ ತಿಳಿಸಿ. ಸೈಟಿನಲ್ಲಿ ಹಣ ಕಟ್ಟಿಸಿಕೊಳ್ಳುತ್ತಿದ್ದರೆ ಶುದ್ಧವಾಗುವ ತನಕ ಆ ಪುಟವನ್ನು ಬಂದ್ ಇಡಿ.

ರಿಪೇರಿಗೆ ಬಂದವರಿಗೆ ನಿಮ್ಮ ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಯೂಸರ್ಸ್‌ನಲ್ಲಿ ಅವರ ಹೆಸರಿಗೆ ಬೇರೆ ಅಡ್ಮಿನಿಸ್ಟ್ರೇಟರ್ ಖಾತೆ ಮಾಡಿಕೊಡಿ, ಕೆಲಸ ಮುಗಿದ ದಿನವೇ ಅಳಿಸಿ. ಅಳಿಸುವಾಗ ಅವರು ಬರೆದದ್ದನ್ನು ಏನು ಮಾಡಬೇಕು ಎಂದು ಕೇಳುತ್ತದೆ. ನಿಮ್ಮ ಹೆಸರಿಗೆ ವರ್ಗಾಯಿಸಿ ಎಂಬುದನ್ನೇ ಆರಿಸಿ, ಇಲ್ಲವಾದರೆ ಅವರು ಮಾಡಿಕೊಟ್ಟ ಪುಟಗಳೂ ಅವರೊಡನೆ ಹೋಗುತ್ತವೆ.